ಕನ್ನಡಿಗೆ ಪೈ 3 ಸಾಲುತ್ತಿಲ್ಲ, ಯಾವ ಕಂಪ್ಯೂಟರ್ ಹಾಕಲಿ?

ವೈಂಡಿಂಗ್‌ಅಂಗಡಿ:

ನಮಸ್ಕಾರ. ತಿಪಟೂರಿನಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಕಂಪ್ಯೂಟರ್ ಓದಿದವನಲ್ಲ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ವಿಡಿಯೋ ನೋಡಿ ಕಲಿತದ್ದು. ತಪ್ಪಿದ್ದರೆ ತಿದ್ದಿ.

ಎರಡು ವರ್ಷದ ಹಿಂದೆ ಹಾಲ್‌ನಲ್ಲಿ, ಚಪ್ಪಲಿ ಗೂಡಿನ ಮೇಲೆ, ಒಂದು ಸ್ಮಾರ್ಟ್ ಕನ್ನಡಿ ಮಾಡಿ ಹಾಕಿದೆ. ಹಳೆಯ 22 ಇಂಚಿನ ಮಾನಿಟರ್ ಬಿಚ್ಚಿ, ಅದರ ಮುಂದೆ ಅರೆಪಾರದರ್ಶಕ ಕನ್ನಡಿ ಗಾಜು ಇಟ್ಟು, ಸುತ್ತ ಹಲಸಿನ ಮರದ ಚೌಕಟ್ಟು ಹೊಡೆಸಿದೆ. ಒಳಗಿರುವುದು ರಾಸ್ಪ್‌ಬೆರಿ ಪೈ 3 ಬಿ ಅನ್ನುವ ಅಂಗೈಯಷ್ಟು ಪುಟ್ಟ ಕಂಪ್ಯೂಟರ್, 1 ಜಿಬಿ ರ‍್ಯಾಮ್. ಸಾಫ್ಟ್‌ವೇರ್ ಪರದೆಗೆ ಗಡಿಯಾರ, ಹವಾಮಾನ ಎಲ್ಲ ತರುವ, ಎಲ್ಲರೂ ಹಾಕುವ ಮ್ಯಾಜಿಕ್‌ಮಿರರ್. ಚೌಕಟ್ಟಿನ ಕೆಳಗಡೆ ಒಂದು ತೂತು ಕೊರೆದು, ಮೈಶಾಖದಿಂದ ಜನರ ಓಡಾಟ ಹಿಡಿಯುವ ಪಿಐಆರ್ ಸೆನ್ಸರ್ ಕೂರಿಸಿದ್ದೇನೆ, ಯಾರಾದರೂ ಎದುರು ಬಂದರೆ ಪರದೆ ಹತ್ತುತ್ತದೆ. (ಮೊದಲು ಅದನ್ನೂ ಗಾಜಿನ ಹಿಂದೆಯೇ ಇಟ್ಟಿದ್ದೆ. ಮೈಶಾಖ ಗಾಜು ದಾಟಿ ಬರುವುದಿಲ್ಲ ಅಂತ ತಿಳಿಯಲು ಒಂದು ಭಾನುವಾರ ಪೂರ್ತಿ ಹೋಯಿತು.)

ಗಡಿಯಾರ, ಹವಾಮಾನ, ಕ್ಯಾಲೆಂಡರ್ ಮಾತ್ರ ಇದ್ದಾಗ ಚೆನ್ನಾಗಿಯೇ ಓಡುತ್ತಿತ್ತು. ಆಮೇಲೆ ನನ್ನ ಆಸೆ ಜಾಸ್ತಿ ಆಯ್ತು. ಗೇಟಿನ ಕ್ಯಾಮೆರಾದ ವಿಡಿಯೋ ಹಾಕಿದೆ. ಮುಖ ಗುರುತಿಸುವ ಮಾಡ್ಯೂಲ್ (ಮ್ಯಾಜಿಕ್‌ಮಿರರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಹಾಕಿದೆ, ಅಮ್ಮ ನಿಂತರೆ ಪಂಚಾಂಗ, ನಾನು ನಿಂತರೆ ಅಂಗಡಿಯ ಕೆಲಸದ ಪಟ್ಟಿ ಬರಲಿ ಅಂತ. ಈಗ ಗಡಿಯಾರದ ಸೆಕೆಂಡ್ 12 ಆದ ಮೇಲೆ ನೇರ 16ಕ್ಕೆ ಹಾರುತ್ತದೆ. ಅಮ್ಮ ಬೆಳಿಗ್ಗೆ ಆರಕ್ಕೆ ಕುಂಕುಮ ಇಟ್ಟುಕೊಳ್ಳಲು ಅಲ್ಲಿ ನಿಲ್ಲುತ್ತಾರೆ. "ನಿನ್ನ ಕನ್ನಡಿಗೆ ನನ್ನ ಗುರುತು ಸಿಗೋ ಹೊತ್ತಿಗೆ ನಾನು ದೇವರ ದೀಪ ಹಚ್ಚಿ ಆಗಿರುತ್ತೆ" ಅಂತಾರೆ.

ಅದಕ್ಕೆ ಗಟ್ಟಿ ಕಂಪ್ಯೂಟರ್ ತಗೊಳ್ಳೋಣ ಅಂತ. ಮನಸ್ಸಿನಲ್ಲಿ ಇರುವುದು ಪೈ 4, ಪೈ 5, ಇಂಟೆಲ್ ಎನ್100 ಇರುವ ಮಿನಿ ಪಿಸಿ, ಇಲ್ಲಾ ಆಫೀಸುಗಳಿಂದ ಬರುವ ಸೆಕೆಂಡ್ ಹ್ಯಾಂಡ್ ಪುಟ್ಟ ಪಿಸಿ. ಬಜೆಟ್ 12 ಸಾವಿರ. ಮಾನಿಟರ್ ಹಿಂದೆ ಉಳಿದಿರುವ ಜಾಗ 3 ಸೆಂಟಿಮೀಟರ್ ಅಷ್ಟೇ. ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳೋಕಾಗಲ್ಲ, ಈ ಪ್ಲಗ್‌ಗೆ ಯುಪಿಎಸ್ ಲೈನ್ ಇಲ್ಲ. ಯಾವುದು ತಗೊಳ್ಳಲಿ?

ಬೆಸುಗೆಕಡ್ಡಿ:

ದುಡ್ಡು ಜೇಬಿನಲ್ಲೇ ಇರಲಿ. ಮೊದಲು ಮೂರು ಕೆಲಸ ಮಾಡಿ.

ಟರ್ಮಿನಲ್‌ನಲ್ಲಿ "ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್" ಕೊಡಿ. ಉತ್ತರ 0ಎಕ್ಸ್0 ಬಂದರೆ ಸರಿ. ಬೇರೆ ಏನು ಬಂದರೂ ಇಲ್ಲಿ ಹಾಕಿ. ಆಮೇಲೆ ಅದೇ ಕಮಾಂಡಿನಲ್ಲಿ "ಮೆಷರ್_ಟೆಂಪ್" ಕೊಟ್ಟು ಶಾಖ ನೋಡಿ. 80 ಡಿಗ್ರಿ ದಾಟಿದರೆ ಪೈ ತಾನೇ ವೇಗ ಇಳಿಸಿಕೊಳ್ಳುತ್ತದೆ. ಕೊನೆಗೆ "ಫ್ರೀ" ಕೊಟ್ಟು ರ‍್ಯಾಮ್ ಎಷ್ಟು ಉಳಿದಿದೆ, ಸ್ವಾಪ್ (ಮೆಮೊರಿ ಸಾಲದಾಗ ಕಾರ್ಡಿನಲ್ಲಿ ಬಳಸುವ ಜಾಗ) ಎಷ್ಟು ತಿಂದಿದೆ ನೋಡಿ.

ಮ್ಯಾಜಿಕ್‌ಮಿರರ್ ಅಂದರೆ ಒಳಗೆ ಇರುವುದು ಎಲೆಕ್ಟ್ರಾನ್, ಅಂದರೆ ಪೂರ್ತಿ ಕ್ರೋಮಿಯಂ ಬ್ರೌಸರ್. 1 ಜಿಬಿಯಲ್ಲಿ ಅದರ ಜೊತೆ ಮುಖ ಗುರುತಿಸುವುದನ್ನೂ ವಿಡಿಯೋವನ್ನೂ ಓಡಿಸೋದು ಕಷ್ಟವೇ. ಆದರೂ ನೋಡದೆ ಹೇಳಬಾರದು. ಯಾವ ಚಾರ್ಜರ್ ಹಾಕಿದ್ದೀರಿ?

ವೈಂಡಿಂಗ್‌ಅಂಗಡಿ:

ಹೇಳೋಕೆ ನಾಚಿಕೆ ಆಗ್ತಿದೆ.

ಮೊದಲ ಕಮಾಂಡಿಗೆ 0ಎಕ್ಸ್50005 ಬಂತು. ಹುಡುಕಿ ಓದಿದೆ: ಈಗಲೂ ವೋಲ್ಟೇಜ್ ಕಡಿಮೆ ಇದೆ, ಅದಕ್ಕೇ ಈಗಲೂ ವೇಗ ಇಳಿಸಿದೆ, ಹಿಂದೆಯೂ ಹೀಗೇ ಆಗಿತ್ತು. ಮೀಟರ್ ತಂದು ಪೈನ ಪಿನ್ 2 ಮತ್ತು 6ಕ್ಕೆ ಹಿಡಿದೆ. 4.5 ವೋಲ್ಟ್! 4.63ಕ್ಕಿಂತ ಕೆಳಗೆ ಹೋದರೆ ಪೈ ಕೂಗಾಡುತ್ತದಂತೆ. ಹಾಕಿದ್ದು ಹಳೆಯ ಫೋನ್ ಚಾರ್ಜರ್, ಗೋಡೆಗೆ ಅಂಟಿಸಿ ತಂದ ಮೂರು ಮೀಟರಿನ ನೂಲಿನಂಥ ಕೇಬಲ್.

ನನ್ನ ಅಂಗಡಿಗೆ ಸುಟ್ಟ ಬೋರ್‌ವೆಲ್ ಮೋಟಾರ್ ಹಿಡಿದುಕೊಂಡು ಬರುವ ರೈತರಿಗೆ ದಿನಾ ನಾನೇ ಹೇಳುವ ಮಾತು ಇದು. "ಅಷ್ಟು ಉದ್ದಕ್ಕೆ ಇಷ್ಟು ಸಣ್ಣ ವೈರ್ ಎಳೆದರೆ ಕೆಳಗೆ ವೋಲ್ಟೇಜ್ ಎಲ್ಲಿಂದ ಬರ್ಬೇಕು ಗೌಡ್ರೇ?" ನನ್ನ ಮನೆಯ ಗೋಡೆಯಲ್ಲಿ ಅದನ್ನೇ ಮಾಡಿ, ಎರಡು ವರ್ಷ ಪೈಗೆ ಬೈದುಕೊಂಡು ಕೂತಿದ್ದೇನೆ.

ಶಾಖ 81 ಡಿಗ್ರಿ. ಚೌಕಟ್ಟಿನ ಹಿಂದೆ ಪ್ಲೈವುಡ್ ಹೊಡೆದು ಪೂರ್ತಿ ಮುಚ್ಚಿಬಿಟ್ಟಿದ್ದೆ, ಗಾಳಿಗೆ ದಾರಿಯೇ ಇಲ್ಲ. ಕೆಳಗೆ ಆರು, ಮೇಲೆ ಆರು, 8 ಮಿಲಿಮೀಟರ್ ತೂತು ಕೊರೆದೆ. 2.5 ಆಂಪಿಯರಿನ ಸರಿಯಾದ ಅಡಾಪ್ಟರ್, ಗಿಡ್ಡ ದಪ್ಪ ಕೇಬಲ್ ಹಾಕಿದೆ. ಈಗ 5 ವೋಲ್ಟ್, 66 ಡಿಗ್ರಿ. ಸೆಕೆಂಡ್ ಹಾರುವುದು ನಿಂತಿತು.

ಆದರೆ ಗೇಟಿನ ವಿಡಿಯೋ ತೆರೆದ ತಕ್ಷಣ ಮತ್ತೆ ಅದೇ ಕಥೆ. ರ‍್ಯಾಮ್ 60 ಎಂಬಿ ಉಳಿಯುತ್ತದೆ, ಸ್ವಾಪ್ ತುಂಬುತ್ತದೆ, ಎಸ್‌ಡಿ ಕಾರ್ಡಿನ ಹಸಿರು ದೀಪ ಮಿಣಮಿಣ ಅನ್ನುತ್ತಲೇ ಇರುತ್ತದೆ. ಹಾಗಾಗಿ ಪ್ರಶ್ನೆ ಇನ್ನೂ ಇದೆ.

ಮೂಲೆಮನೆ:

ಕಣ್ಣು ಮುಚ್ಚಿ ಸೆಕೆಂಡ್ ಹ್ಯಾಂಡ್ ಪುಟ್ಟ ಪಿಸಿ ತಗೊಳ್ಳಿ. ನನ್ನ ಕನ್ನಡಿಯಲ್ಲೂ ಮೊದಲು ಪೈ ಇತ್ತು. ಕರೆಂಟ್ ಹೋಗಿ ಹೋಗಿ ಒಂದೇ ವರ್ಷದಲ್ಲಿ ಮೂರು ಎಸ್‌ಡಿ ಕಾರ್ಡ್ ಕೆಟ್ಟವು. ಮೂರನೆಯದು ಹೋದಾಗ ಬ್ಯಾಕಪ್ ಕೂಡ ಇರಲಿಲ್ಲ, ಕಾನ್ಫಿಗ್ ಫೈಲ್ ಮತ್ತೆ ಮೊದಲಿಂದ ಬರೆದೆ.

ಬೆಂಗಳೂರಿನ ಎಸ್‌ಪಿ ರೋಡಿಗೆ ಒಂದು ದಿನ ಹೋಗಿ ಬನ್ನಿ. ಲೆನೊವೊ ಟೈನಿ, ಡೆಲ್ ಮೈಕ್ರೋ, ಎಚ್‌ಪಿ ಮಿನಿ ಅಂತ ಸಾಲಾಗಿ ಜೋಡಿಸಿಟ್ಟಿರುತ್ತಾರೆ, ಕಂಪನಿಗಳು ಗುಡಿಸಿ ಹಾಕಿದ ಮಾಲು. ಆರನೇ ಪೀಳಿಗೆಯ ಐ5, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಸಮೇತ ನನಗೆ ಹತ್ತು ಸಾವಿರದ ಒಳಗೆ ಸಿಕ್ಕಿತು. ಅಲ್ಲೇ ಮಾನಿಟರ್ ಹಾಕಿಸಿ, ಹತ್ತು ನಿಮಿಷ ಓಡಿಸಿ, ಫ್ಯಾನ್ ಸದ್ದು ಕೇಳಿ ತಗೊಳ್ಳಿ. ಅಡಾಪ್ಟರ್ ಅದರದ್ದೇ ಕೊಡಿಸಿಕೊಳ್ಳಿ. ಚಾರ್ಜರ್ ಬಗ್ಗೆ ನಿಮಗೆ ಬೇರೆ ಹೇಳಬೇಕಾಗಿಲ್ಲ ಬಿಡಿ :)

ಮನೆಗೆ ತಂದ ಮೇಲೆ ಬಯೋಸ್‌ಗೆ (ಪಿಸಿ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಹೋಗಿ, ಕರೆಂಟ್ ಬಂದಾಗ ತಾನಾಗೇ ಆನ್ ಆಗು ಅನ್ನುವ ಸೆಟ್ಟಿಂಗ್ ಹಾಕಿ. ಇಲ್ಲದಿದ್ದರೆ ಪ್ರತಿ ಸಲ ಕನ್ನಡಿ ಇಳಿಸಿ ಬಟನ್ ಒತ್ತಬೇಕು.

ಒಂದೇ ತೊಂದರೆ ದಪ್ಪ. ಲೆನೊವೊದ್ದು ಮೂರೂವರೆ ಸೆಂಟಿಮೀಟರ್, ನಿಮ್ಮ ಚೌಕಟ್ಟಿಗೆ ಹೋಗಲ್ಲ. ಕೆಳಗೆ ಚಪ್ಪಲಿ ಗೂಡು ಇದೆಯಲ್ಲ, ಅದರ ಮೇಲಿನ ಅರೆಯಲ್ಲಿಟ್ಟು ಒಂದು ಎಚ್‌ಡಿಎಂಐ ಕೇಬಲ್ ಎಳೆಯಿರಿ.

ಚಿಪ್ಪು:

ಮೂಲೆಮನೆಯವರ ಮಾತು ಸರಿ, ಆದರೆ ಪೈ 5ನ್ನೂ ಒಮ್ಮೆ ನೋಡಿ. ನಾನು ಪೈ 3ರಿಂದ ನೇರ ಅದಕ್ಕೆ ಬಂದೆ. 1.2 ಗಿಗಾಹರ್ಟ್ಸ್‌ನ ಹಳೇ ಎ53 ಪ್ರೊಸೆಸರ್ ಕೋರ್ ಎಲ್ಲಿ, 2.4 ಗಿಗಾಹರ್ಟ್ಸ್‌ನ ಎ76 ಎಲ್ಲಿ. ಎತ್ತಿನ ಗಾಡಿಯಿಂದ ಇಳಿದು ಬೈಕ್ ಹತ್ತಿದ ಹಾಗೆ. ಪುಟ್ಟ ಬಟನ್ ಬ್ಯಾಟರಿ ಸಿಕ್ಕಿಸಿದರೆ ಕರೆಂಟ್ ಹೋದರೂ ಗಡಿಯಾರ ತಪ್ಪುವುದಿಲ್ಲ, ಪೈ 4ರವರೆಗೆ ಈ ಸೌಲಭ್ಯ ಇರಲಿಲ್ಲ. ಆದರೆ ಅದಕ್ಕೆ 5 ವೋಲ್ಟ್ 5 ಆಂಪಿಯರಿನ ಅಡಾಪ್ಟರ್ ಬೇಕು, ಫ್ಯಾನ್ ಬೇಕು, ಮೈಕ್ರೋ ಎಚ್‌ಡಿಎಂಐ ಕೇಬಲ್ ಬೇಕು. ಬಿಲ್ ಕೂಡಿಸಿದರೆ ಸೆಕೆಂಡ್ ಹ್ಯಾಂಡ್ ಪಿಸಿಯ ಹತ್ತಿರ ಬಂದುಬಿಡುತ್ತದೆ. ಇನ್ನೊಂದು ವಿಚಿತ್ರ, ಎಚ್.264 ಬಗೆಯಲ್ಲಿ ಕುಗ್ಗಿಸಿದ ವಿಡಿಯೋ ಬಿಡಿಸುವ ಹಾರ್ಡ್‌ವೇರ್ ಪೈ 4ರಲ್ಲಿ ಇದೆ, ಪೈ 5ರಲ್ಲಿ ತೆಗೆದುಹಾಕಿದ್ದಾರೆ. ಸಿಪಿಯು ಗಟ್ಟಿ ಇರುವುದರಿಂದ ಒಂದು ಕ್ಯಾಮೆರಾಗೆ ತೊಂದರೆ ಇಲ್ಲ.

ನಿಮ್ಮ ಗೇಟಿನ ಕ್ಯಾಮೆರಾದಿಂದ ಯಾವ ಸ್ಟ್ರೀಮ್ ಎಳೆಯುತ್ತಿದ್ದೀರಿ? ದೊಡ್ಡ ಎಚ್.265 ಬೇಡ. ಕ್ಯಾಮೆರಾ ಕೊಡುವ ಚಿಕ್ಕ ಸಬ್‌ಸ್ಟ್ರೀಮನ್ನು ಎಚ್.264ಗೆ ಇಟ್ಟು, ಗೋ2ಆರ್‌ಟಿಸಿ ಅನ್ನುವ ಪ್ರೋಗ್ರಾಂ ಮೂಲಕ ಬ್ರೌಸರ್‌ಗೆ ಕೊಡಿ. ಕನ್ನಡಿಯ ಮೂಲೆಯಲ್ಲಿ ಅಂಗೈ ಅಗಲದ ಚಿತ್ರಕ್ಕೆ ಪೂರ್ತಿ ಎಚ್‌ಡಿ ಯಾಕೆ, ಅಲ್ವಾ?

ಮುಖ ಗುರುತಿಸುವುದರ ಬಗ್ಗೆ ಒಂದು ಅನುಮಾನ. ಕ್ಯಾಮೆರಾ ಎಲ್ಲಿದೆ, ಗಾಜಿನ ಹಿಂದೆಯಾ?

ವೈಂಡಿಂಗ್‌ಅಂಗಡಿ:

ಹೌದು, ಗಾಜಿನ ಹಿಂದೆಯೇ. ಹೊರಗೆ ಕಂಡರೆ ಚೆನ್ನಾಗಿರಲ್ಲ ಅಂತ.

ಚಿಪ್ಪು:

ಹಾಗಾದರೆ ಯಾವ ಕಂಪ್ಯೂಟರ್ ತಂದರೂ ಅಮ್ಮನ ಗುರುತು ಸಿಗಲ್ಲ. ಆ ಗಾಜು ಬೆಳಕನ್ನು ಹೆಚ್ಚಾಗಿ ವಾಪಸ್ ಕಳಿಸುತ್ತದೆ, ಒಳಗೆ ಬಿಡುವುದು ಸ್ವಲ್ಪ. ಬೆಳಿಗ್ಗೆ ಆರು ಗಂಟೆಗೆ ಹಾಲ್‌ನಲ್ಲಿ ಇರುವ ಬೆಳಕೇ ಎಷ್ಟು? ಕ್ಯಾಮೆರಾ ಹಿಡಿದ ಒಂದು ಫೋಟೋ ತೆಗೆದು ನೀವೇ ನೋಡಿ.

ಆರು ಗಂಟೆಗೆ ಅಲ್ಲಿ ನಿಲ್ಲುವವರು ಯಾರು ಅಂತ ನಿಮಗೆ ಗೊತ್ತೇ ಇದೆ. ಮಾಡ್ಯೂಲ್‌ಗೆ ವೇಳಾಪಟ್ಟಿ ಹಾಕಿ. ಐದೂವರೆಯಿಂದ ಏಳರವರೆಗೆ ಪಂಚಾಂಗ, ಆಮೇಲೆ ನಿಮ್ಮ ಪಟ್ಟಿ. ಎಂಎಂಎಂ-ಮಾಡ್ಯೂಲ್‌ಶೆಡ್ಯೂಲರ್ ಅಂತ ಇದೆ, ಅದು ಪೈ 3ರ ಮೇಲೂ ಓಡುತ್ತದೆ.

ಬೆಸುಗೆಕಡ್ಡಿ:

ಮುಖ ಗುರುತಿಸುವುದು ಬಿಟ್ಟರೆ 4 ಜಿಬಿಯ ಪೈ 4 ಧಾರಾಳ ಸಾಕು. ಚೌಕಟ್ಟಿನ ಒಳಗೇ ಕೂರುತ್ತದೆ, ಪಿಐಆರ್ ಕೂಡ ಇದ್ದ ಹಾಗೇ ಪಿನ್‌ಗೆ ಸೇರುತ್ತದೆ. ಕಾರ್ಡಿನ ಭಯ ಇದ್ದರೆ ಯುಎಸ್‌ಬಿಗೆ ಎಸ್‌ಎಸ್‌ಡಿ ಹಾಕಿ. ಚಪ್ಪಲಿ ಗೂಡಿನಲ್ಲಿ ಕಂಪ್ಯೂಟರ್ ಇಡುವ ಐಡಿಯಾ ನನಗೇನೋ ಹಿಡಿಸಲಿಲ್ಲ. ಅಲ್ಲಿಯ ಧೂಳೆಲ್ಲ ಫ್ಯಾನ್ ಒಳಗೆ. ಪಿಸಿಗೆ ಪಿನ್‌ಗಳೂ ಇಲ್ಲ, ಪಿಐಆರ್ ಎಲ್ಲಿಗೆ ಚುಚ್ಚುತ್ತೀರಿ?

ಮೂಲೆಮನೆ:

ಪಿಐಆರ್‌ಗೆ ಇಎಸ್‌ಪಿ8266 ಅನ್ನುವ ಒಂದು ಪುಟ್ಟ ವೈಫೈ ಬೋರ್ಡ್ ಸಾಕು ಸ್ವಾಮಿ. ಸೆನ್ಸರ್‌ಗೆ 5 ವೋಲ್ಟ್ ಕೊಟ್ಟರೂ ಅದರ ಔಟ್‌ಪುಟ್ 3.3 ವೋಲ್ಟೇ ಇರುತ್ತದೆ, ನೇರ ಸೇರಿಸಬಹುದು. ಎಂಕ್ಯೂಟಿಟಿ ಅನ್ನುವ ಸಂದೇಶ ಪದ್ಧತಿಯಲ್ಲಿ "ಬಂದರು", "ಹೋದರು" ಅಂತ ಪಿಸಿಗೆ ಹೇಳುತ್ತದೆ. ಸೆನ್ಸರನ್ನು ವೈಫೈ ಆಂಟೆನಾಗೆ ತೀರಾ ಅಂಟಿಸಬೇಡಿ, ಯಾರೂ ಇಲ್ಲದೆ "ಬಂದರು" ಅನ್ನುತ್ತದೆ. ನಮ್ಮ ಮನೆಯಲ್ಲಿ ರಾತ್ರಿ ಎರಡಕ್ಕೆ ಕನ್ನಡಿ ತಾನೇ ಹತ್ತಿಕೊಂಡು, ಅತ್ತೆ ಮಾರನೇ ದಿನ ನಿಂಬೆಹಣ್ಣು ಕಟ್ಟಿಸಿದರು.

ಕರೆಂಟ್ ಬಿಲ್ ಚಿಂತೆ ಬೇಡ. ನನ್ನ ಪಿಸಿ ಸುಮ್ನೆ ಇದ್ದಾಗ ಸುಮಾರು 10 ವ್ಯಾಟ್ ಎಳೆಯುತ್ತದೆ, ತಿಂಗಳಿಗೆ 7 ಯೂನಿಟ್. 20 ವ್ಯಾಟಿನ ಮಾನಿಟರ್ ಹಗಲೂ ರಾತ್ರಿ ಉರಿದರೆ 14 ಯೂನಿಟ್ ದಾಟುತ್ತದೆ.

ವೈಂಡಿಂಗ್‌ಅಂಗಡಿ:

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಆಯ್ತು, ಏನು ಮಾಡಿದೆ ಅಂತ ಹೇಳುತ್ತೇನೆ.

ಚಿಪ್ಪು ಹೇಳಿದ ಹಾಗೆ ಬೆಳಿಗ್ಗೆ ಆರಕ್ಕೆ ಒಂದು ಫೋಟೋ ತೆಗೆದೆ. ಕಪ್ಪು. ತೀರಾ ಹತ್ತಿರ ಹಿಡಿದು ನೋಡಿದರೆ ಅಮ್ಮನ ಮೂಗುಬೊಟ್ಟು ಮಾತ್ರ ಒಂದು ಚುಕ್ಕೆಯಾಗಿ ಹೊಳೆಯುತ್ತಿತ್ತು. ಆ ಮಾಡ್ಯೂಲ್ ಅವತ್ತೇ ಕಿತ್ತು ಹಾಕಿ ವೇಳಾಪಟ್ಟಿ ಹಾಕಿದೆ.

ಆಮೇಲೆ ವೈಂಡಿಂಗ್ ವೈರ್ ತರಲು ಬೆಂಗಳೂರಿಗೆ ಹೋಗುವುದು ಹೇಗೂ ಇತ್ತು. ಎಸ್‌ಪಿ ರೋಡಿನಲ್ಲಿ ನಾಲ್ಕು ಅಂಗಡಿ ತಿರುಗಿ ಒಂದು ಪುಟ್ಟ ಪಿಸಿ ತಂದೆ. ಮೊದಲ ಅಂಗಡಿಯವನು ತೋರಿಸಿದ್ದರ ಫ್ಯಾನ್ ಬೇರಿಂಗ್ ಹೋಗಿತ್ತು, ಆ ಸದ್ದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕೊನೆಗೆ ತಂದದ್ದು ಆರನೇ ಪೀಳಿಗೆಯ ಐ5, 8 ಜಿಬಿ, 256 ಜಿಬಿ ಎಸ್‌ಎಸ್‌ಡಿ, 9,200 ರೂಪಾಯಿ. ಬೆಸುಗೆಕಡ್ಡಿಯವರೇ, ಪೈ 4 ಸಾಕಿತ್ತು, ಒಪ್ಪುತ್ತೇನೆ. ಆದರೆ ಇದರಲ್ಲಿ ಅಂಗಡಿಯ ಬಿಲ್ ಲೆಕ್ಕವನ್ನೂ ಇಡಬಹುದು ಅನ್ನುವ ದುರಾಸೆ. ಧೂಳಿಗೆ ಗೂಡಿನ ಮೇಲಿನ ಅರೆಗೆ ಸೊಳ್ಳೆಪರದೆಯ ಜಾಲರಿ ಹೊಡೆದಿದ್ದೇನೆ. ಪೈ 3 ಇದ್ದಲ್ಲೇ ಇದೆ, ಪಿಐಆರ್ ನೋಡಿ ಪಿಸಿಗೆ ಸುದ್ದಿ ಮುಟ್ಟಿಸುವುದಷ್ಟೇ ಅದರ ಕೆಲಸ. ಮನೆಯಲ್ಲೇ ಇರುವಾಗ ಹೊಸ ಬೋರ್ಡ್ ಯಾಕೆ?

ಪಿಸಿಗೆ ಹೊಸದಾಗಿ ಡೆಬಿಯನ್ ಲಿನಕ್ಸ್ ಹಾಕಿದಾಗ ತಿಥಿ ನಕ್ಷತ್ರ ಎಲ್ಲ ಬರೀ ಚೌಕ ಚೌಕ ಡಬ್ಬಿ ಆಗಿ ಬಂತು. ಅದರಲ್ಲಿ ಕನ್ನಡ ಫಾಂಟೇ ಇರಲಿಲ್ಲ. ಫಾಂಟ್ಸ್-ಗುಬ್ಬಿ ಅನ್ನುವ ಪ್ಯಾಕೇಜ್ ಹಾಕಿದೆ, "ನಕ್ಷತ್ರ"ದ ಒತ್ತಕ್ಷರ ಕೂಡ ಸರಿಯಾಗಿ ಕೂತಿತು. ಮುಂದೆ ಯಾರಾದರೂ ಹುಡುಕಿಕೊಂಡು ಬಂದರೆ ಬೇಕಾಗಬಹುದು ಅಂತ ಬರೆದೆ.

ಈಗ ಅಮ್ಮನದು ಬೇರೆ ದೂರು. ಎದುರು ನಿಂತ ಎರಡೇ ಸೆಕೆಂಡಿಗೆ ಪಂಚಾಂಗ ಬರುತ್ತದೆ, ಆದರೆ ಸರಿಯಾಗಿ ಹಣೆಯ ಮೇಲೆ. "ಕುಂಕುಮ ಎಲ್ಲಿಡಲಿ, ಅಷ್ಟಮಿ ಮೇಲಾ ನವಮಿ ಮೇಲಾ?" ಅಂದರು. ಕಾನ್ಫಿಗ್ ಫೈಲ್ ತೆಗೆದು ಮಿಡಲ್_ಸೆಂಟರ್ ಅಳಿಸಿ ಟಾಪ್_ಲೆಫ್ಟ್ ಮಾಡಿದ್ದೇನೆ.