ಪದಚರ್ಚೆ: ‘ಜೂಜು ಸಂಬಂಧಿತ ವಿಷಯ’, ‘ನಿರ್ಬಂಧ’, ‘ಬೆಟ್ಟಿಂಗ್’

ಪ್ರಶ್ನೆ, ಶಿವಮೊಗ್ಗದಿಂದ

ಮಾನ್ಯರೇ,

ನಮ್ಮ ಸುದ್ದಿ ಜಾಲತಾಣಕ್ಕೆ ತಾಲ್ಲೂಕುಗಳಿಂದ ಬರೆಯುವ ವರದಿಗಾರರಿಗೆಂದು, ಜಾಲತಾಣಗಳಲ್ಲಿ ಜಾಹೀರಾತು ತೋರಿಸಿ ಆದಾಯದಲ್ಲಿ ಪಾಲು ಕೊಡುವ ಗೂಗಲ್ ಆಡ್‌ಸೆನ್ಸ್‌ನ ನಿಯಮಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆಯೊಳಗೆ ಮುಗಿಸಿ ಕೊಡಬೇಕು. ಆನ್‌ಲೈನ್ ಜೂಜಿನ ಭಾಗವೊಂದು ಉಳಿದಿದೆ. ಹಣ ಕೊಟ್ಟು ಅಥವಾ ಪಣವಿಟ್ಟು, ಆಟದ ಫಲಿತಾಂಶದ ಮೇಲೆ ಹಣವನ್ನೋ ಬಹುಮಾನವನ್ನೋ ಗೆಲ್ಲುವ ಆಟಗಳಿಗೆ ಅನುವು ಮಾಡಿಕೊಡುವ ಪುಟಗಳನ್ನು ಕುರಿತದ್ದು ಆ ನಿಯಮ. ಕ್ಯಾಸಿನೊ, ಲಾಟರಿ ಟಿಕೆಟ್ ಖರೀದಿ, ಕ್ರೀಡಾ ಬೆಟ್ಟಿಂಗ್ ಅಲ್ಲಿ ಕೊಟ್ಟಿರುವ ಉದಾಹರಣೆಗಳು. ಕರಡಿನಲ್ಲಿ ಇದರ ತಲೆಬರಹ ‘ಜೂಜು ಸಂಬಂಧಿತ ವಿಷಯ’ ಎಂದಿದೆ. ಅದನ್ನು ಓದಿದ ಭದ್ರಾವತಿಯ ವರದಿಗಾರರು, ಓಸಿ (ಅಂಕಿಯ ಮೇಲೆ ಹಣ ಕಟ್ಟುವ ಜೂಜು) ಚೀಟಿ ಬರೆಯುತ್ತಿದ್ದವರನ್ನು ಪೊಲೀಸರು ಹಿಡಿದ ಸುದ್ದಿಯನ್ನೂ ಇನ್ನು ಮುಂದೆ ಹಾಕುವಂತಿಲ್ಲವೇ ಎಂದು ಕೇಳುತ್ತಿದ್ದಾರೆ. ಇನ್ನೊಂದು ತೊಡಕೆಂದರೆ, ‘ನಿರ್ಬಂಧ’ ಎಂದಿರುವಲ್ಲೆಲ್ಲ ಸಂಪಾದಕರು ‘ನಿಷೇಧ’ ಎಂದು ತಿದ್ದಿದ್ದಾರೆ. ‘ಬೆಟ್ಟಿಂಗ್’ಗೆ ಬೇರೆ ಪದ ಬೇಕೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ, ಸಾಗರದಿಂದ

‘ಬೆಟ್ಟಿಂಗ್’ ಬೇಡ. ‘ಪಂತ’ ಇದೆ, ಬಳಸಿ. ‘ಬಾಜಿ’ ಫಾರಸಿಯದು, ಅದೂ ಬೇಡ. ಸಂಸ್ಕೃತದ ‘ದ್ಯೂತ’ ನಮ್ಮಲ್ಲಿ ‘ಜೂಜು’ ಎಂದು ತದ್ಭವವಾಗಿ, ಕೇಳಿದವರಿಗೆ ಮೂಲದ ನೆನಪೇ ಬಾರದಷ್ಟು ನಾಲಿಗೆಗೆ ಒಗ್ಗಿಹೋಗಿದೆ. ಹೊರಗಿನ ಪದ ಬರುವುದಾದರೆ ಹಾಗೆ ಕನ್ನಡದ ಧ್ವನಿಗೆ ಒಗ್ಗಿ ಬರಬೇಕು. ‘ಬೆಟ್ಟಿಂಗ್’ ಹಾಗೆ ಬಂದದ್ದಲ್ಲ. ಕೊನೆಗೊಂದು ಸ್ವರವನ್ನೂ ಪಡೆಯದೆ ನಿಂತಿರುವ ಅದಕ್ಕೆ ಸಪ್ತಮಿ ಹಚ್ಚಬೇಕಾದಾಗ ಒಬ್ಬರು ‘ಬೆಟ್ಟಿಂಗ್‌ನಲ್ಲಿ’ ಎನ್ನುತ್ತಾರೆ, ಮತ್ತೊಬ್ಬರು ‘ಬೆಟ್ಟಿಂಗಿನಲ್ಲಿ’ ಎನ್ನುತ್ತಾರೆ. ‘ಸಂಬಂಧಿತ’ ಎಂಬುದನ್ನೂ ಕಿತ್ತುಹಾಕಿ; ‘ಜೂಜಿನ ವಿಷಯ’ ಎಂಬ ಷಷ್ಠಿಯೇ ಸಾಕು.

ಉತ್ತರ, ತೀರ್ಥಹಳ್ಳಿಯಿಂದ

‘ಪಂತ’ ಇಲ್ಲಿ ಸಲ್ಲದು. ನಮ್ಮ ಕಡೆ ಪಂತಕ್ಕೆ ಬಿದ್ದು ಅಡಕೆ ಮರ ಹತ್ತುವವರುಂಟು, ಪಂತ ಕಟ್ಟಿ ಕಡುಬು ತಿನ್ನುವವರುಂಟು; ಅಲ್ಲಿ ಹಟವೇ ಮುಖ್ಯ, ಹಣ ಇರಲೇಬೇಕೆಂದಿಲ್ಲ. ಆಡ್‌ಸೆನ್ಸ್ ನಿಯಮವಾದರೋ ಹಣದ ಆಟದ್ದು. ಐಪಿಎಲ್ ಸಮಯದಲ್ಲಿ ಸಾಲ ಮಾಡಿ ಹಣ ಕಳೆದುಕೊಂಡ ಹುಡುಗನ ತಾಯಿಯೂ ‘ಬೆಟ್ಟಿಂಗ್ ಕಟ್ಟಿ ಹಾಳಾದ’ ಎಂದೇ ಅಳುತ್ತಾಳೆ. ವರದಿಗಾರರು ಓದಿದ ಕೂಡಲೇ ಅರ್ಥ ಮಾಡಿಕೊಳ್ಳಬೇಕಾದ ನಿಯಮದಲ್ಲಿ ಆ ಪದವೇ ಇರಲಿ.

ಸಂಪಾದಕರ ತಿದ್ದುಪಡಿ ಅರ್ಥವನ್ನೇ ಕೆಡಿಸಿದೆ. ಗೂಗಲ್ ಪ್ರಕಾಶಕರಿಗೆ, ಅಂದರೆ ಜಾಹೀರಾತು ತೋರಿಸುವ ತಾಣಗಳವರಿಗೆ, ಎರಡು ಪಟ್ಟಿಗಳನ್ನು ಕೊಡುತ್ತದೆ. ಮೊದಲನೆಯದರಲ್ಲಿರುವ ವಿಷಯವುಳ್ಳ ಪುಟದಲ್ಲಿ ಜಾಹೀರಾತು ಹಾಕುವುದೇ ಉಲ್ಲಂಘನೆ. ಎರಡನೆಯದರಲ್ಲಿ ತಂಬಾಕು, ಆನ್‌ಲೈನ್ ಮದ್ಯ ಮಾರಾಟ, ಆನ್‌ಲೈನ್ ಜೂಜು ಮುಂತಾದವು ಬರುತ್ತವೆ. ಅಂಥ ಪುಟದಲ್ಲಿ ಜಾಹೀರಾತಿಗೆ ಜಾಗ ಕೊಟ್ಟರೆ ಉಲ್ಲಂಘನೆಯಾಗುವುದಿಲ್ಲ, ಆದರೆ ಬರುವ ಜಾಹೀರಾತುಗಳು ಕಡಿಮೆಯಾಗುತ್ತವೆ ಅಥವಾ ಬಾರದೆಯೇ ಹೋಗುತ್ತವೆ. ಆದ್ದರಿಂದ ಮೊದಲನೆಯದು ನಿಷೇಧ, ಎರಡನೆಯದು ನಿರ್ಬಂಧ.

ಹಾಗೆಂದು ‘ನಿಷೇಧ’ಕ್ಕೆ ನಿಮ್ಮ ಬರಹದಲ್ಲಿ ಜಾಗವೇ ಇಲ್ಲವೆಂದಲ್ಲ. ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವಾಗಲಿ ಅದೃಷ್ಟದವಾಗಲಿ, ಜಾಹೀರಾತುಗಳ ಸಮೇತ ನಿಷೇಧಿಸಿದೆ. ಜಾಹೀರಾತಿನ ತಪ್ಪಿಗೆ 2 ವರ್ಷಗಳವರೆಗೆ ಸೆರೆವಾಸ, 50 ಲಕ್ಷ ರೂಪಾಯಿಗಳವರೆಗೆ ದಂಡವಿದೆ. ಹಣದ ರಮ್ಮಿಯ ಆ್ಯಪ್‌ಗೆ ಪ್ರಚಾರದ ಕೊಂಡಿ ಹಾಕುವ ವರದಿಗಾರರಿಗೆ ಕಂಪನಿಯ ನಿರ್ಬಂಧ ಬೇರೆ, ದೇಶದ ಕಾಯ್ದೆಯ ನಿಷೇಧ ಬೇರೆ ಎಂಬುದು ಪದದಲ್ಲಿಯೇ ಕಾಣಬೇಕು. ಎರಡಕ್ಕೂ ಒಂದೇ ಪದ ಬಳಸಿದರೆ ಯಾವುದರಿಂದ ಆದಾಯ ಹೋಗುತ್ತದೆ, ಯಾವುದರಿಂದ ಜೈಲಿಗೆ ಹೋಗಬೇಕಾಗುತ್ತದೆ ಎಂಬುದೇ ಅವರಿಗೆ ತಿಳಿಯದು.

ಷಷ್ಠಿಯ ಸಲಹೆಯಿಂದ ಪ್ರಯೋಜನವಿಲ್ಲ. ಓಸಿ ದಾಳಿಯ ಸುದ್ದಿಯೂ ಜೂಜಿನ ವಿಷಯವೇ ತಾನೇ? ಇಲ್ಲಿ ಬೇಕಾಗಿರುವುದು ಕ್ರಿಯೆಯನ್ನು ಹೇಳುವ ಕೃದಂತ: ‘ಜೂಜಿಗೆ ಎಡೆಗೊಡುವ ಪುಟ’. ದಾಳಿಯ ಸುದ್ದಿಯಿಂದ ಯಾರೂ ಚೀಟಿ ಬರೆಸಲಾರರು. ಅದೇ ಸುದ್ದಿಯ ಕೆಳಗೆ ಬೆಟ್ಟಿಂಗ್ ತಾಣದ ಕೊಂಡಿ ಇದ್ದರೆ ಆ ಪುಟ ಎಡೆಗೊಟ್ಟಂತೆಯೇ.

ಉತ್ತರ, ಸಾಗರದಿಂದ

‘ಎಡೆಗೊಡು’ ಒಪ್ಪಿದೆ, ಅಚ್ಚಗನ್ನಡ. ನಿರ್ಬಂಧದ ವಿಚಾರದಲ್ಲಿ ತಕರಾರಿಲ್ಲ. ‘ಬೆಟ್ಟಿಂಗ್’ ಒಪ್ಪಿಲ್ಲ. ಹಣದ ಅರ್ಥ ಬೇಕಾದರೆ ‘ಹಣದ ಪಂತ’ ಎನ್ನಿ. ಜನ ಆಡುತ್ತಾರೆಂಬುದೊಂದೇ ಪ್ರಮಾಣವಾಗುವುದಾದರೆ ಪದಚರ್ಚೆ ಏಕೆ ಬೇಕು?

ಉತ್ತರ, ತೀರ್ಥಹಳ್ಳಿಯಿಂದ

ಜನರ ಬಳಕೆಯೇ ‘ದ್ಯೂತ’ವನ್ನು ‘ಜೂಜು’ ಮಾಡಿದ್ದು, ವ್ಯಾಕರಣಕಾರರಲ್ಲ. ‘ಜಾಹೀರಾತು’ ಎಂಬುದರ ಮೂಲವೂ ಅರಬ್ಬಿಯ ‘ಜಾಹಿರ್’. ಅದನ್ನು ಬಿಡಿ ಎಂದು ತಾವು ಹೇಳಲಿಲ್ಲ, ಏಕೆಂದರೆ ಅದು ಎರವಲೆಂದು ಯಾರಿಗೂ ಅನ್ನಿಸುವುದಿಲ್ಲ. ‘ಹಣದ ಪಂತ’ ಎಂದು ಕೋಣಂದೂರಿನ ಬಸ್ ನಿಲ್ದಾಣದಲ್ಲಿ ಹೇಳಿದರೆ ಎದುರಿನವರು ‘ಬೆಟ್ಟಿಂಗಾ?’ ಎಂದು ಕೇಳಿಯೇ ಖಚಿತಪಡಿಸಿಕೊಳ್ಳುತ್ತಾರೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆಗಳು. ಕೊಡುತ್ತಿರುವ ಪಾಠ ಹೀಗಿದೆ: ‘ಆನ್‌ಲೈನ್ ಜೂಜಿಗೆ ಅಥವಾ ಬೆಟ್ಟಿಂಗಿಗೆ ಎಡೆಗೊಡುವ ಪುಟಗಳಿಗೆ ಜಾಹೀರಾತು ನಿರ್ಬಂಧವಿದೆ. ಜೂಜಿನ ಮೇಲಿನ ಪೊಲೀಸ್ ಕ್ರಮ, ನ್ಯಾಯಾಲಯದ ತೀರ್ಪು ಮುಂತಾದವುಗಳ ವರದಿ ಇದರಲ್ಲಿ ಸೇರಿಲ್ಲ; ಆದರೆ ವರದಿಯಲ್ಲಿ ಅಂಥ ತಾಣಗಳ ಕೊಂಡಿ ಇರಕೂಡದು.’ ಕಾಯ್ದೆಯ ನಿಷೇಧಕ್ಕೆ ಪ್ರತ್ಯೇಕ ಕಂಡಿಕೆ ಬರೆದಿದ್ದೇನೆ. ಸಪ್ತಮಿಯ ತೊಡಕನ್ನು ಮನಸ್ಸಿನಲ್ಲಿಟ್ಟುಕೊಂಡು, ವಿಭಕ್ತಿ ಬರುವಲ್ಲೆಲ್ಲ ‘ಬೆಟ್ಟಿಂಗು’ ಎಂಬ ಉಕಾರಾಂತ ರೂಪವನ್ನೇ ಪ್ರಕೃತಿಯಾಗಿ ಹಿಡಿದಿದ್ದೇನೆ.