ಸಹಾಯ ಬೇಕು: ಎನ್‌ಐಸಿಯುನಲ್ಲಿರುವ ಮಗುವಿನ ಪಿಕ್ ಲೈನ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ತಂಗಿಯ ಮಗು 30 ವಾರಕ್ಕೇ ಹುಟ್ಟಿದೆ, ಬಾಗಲಕೋಟೆಯ ಎನ್‌ಐಸಿಯುನಲ್ಲಿದೆ (ನವಜಾತ ಶಿಶುಗಳ ಐಸಿಯು). ಮೊದಲು ಹೊಕ್ಕುಳಲ್ಲಿದ್ದ ಲೈನ್ ತೆಗೆದು ಈಗ ತೋಳಿನಿಂದ ಪಿಕ್ ಲೈನ್ (ರಕ್ತನಾಳದೊಳಗೆ ಹೃದಯದ ಹತ್ತಿರದವರೆಗೆ ಹೋಗುವ ತೆಳು ನಳಿಕೆ) ಹಾಕಿದ್ದಾರೆ, ಹಾಲು ಇನ್ನೂ ಪೂರ್ತಿ ಒಗ್ಗಿಲ್ಲ, ಅದಕ್ಕೆ ಟಿಪಿಎನ್ (ರಕ್ತನಾಳದ ಮೂಲಕ ಕೊಡುವ ಪೋಷಣೆ) ಅದರಲ್ಲೇ ಹೋಗುತ್ತಿದೆ. ನಿನ್ನೆ ಎಕ್ಸ್‌ರೇಯಲ್ಲಿ ಲೈನಿನ ತುದಿ ಹೃದಯದೊಳಗೆ ಕಂಡಿತು, ಸ್ವಲ್ಪ ಹಿಂದಕ್ಕೆ ಎಳೆದರು. ಅಲ್ಲೇ ಉಳಿದರೆ ಹೃದಯದ ಸುತ್ತ ನೀರು ತುಂಬಬಹುದಂತೆ, ಅಪರೂಪವಾದರೂ ಜೀವಕ್ಕೇ ಅಪಾಯವಂತೆ. ಸೋಂಕಿನ ಭಯ ಅದಕ್ಕಿಂತ ಜಾಸ್ತಿ ಅಲ್ವಾ? ಮಗು ಕೈ ಮಡಚಿದರೂ ತುದಿ ಸರಿಯುತ್ತದೆ ಅಂತಾರೆ, ಅಷ್ಟು ಸಣ್ಣ ಕೂಸಿಗೆ ಕೈ ಆಡಿಸಬೇಡ ಅನ್ನಲು ಆಗುತ್ತಾ! ಇಲ್ಲಿ ನರ್ಸ್‌ಗಳು, ಮಕ್ಕಳ ಡಾಕ್ಟರ್‌ಗಳು ಇದ್ದರೆ ದಯವಿಟ್ಟು ಹೇಳಿ: ಎಳೆದ ಮೇಲೆ ಮತ್ತೆ ಎಕ್ಸ್‌ರೇ ಸಾಕಾ, ಎಕೋನೂ (ಹೃದಯದ ಸ್ಕ್ಯಾನ್) ಕೇಳಬೇಕಾ? ಸುಮ್ನೆ ಧೈರ್ಯ ಹೇಳಬೇಡಿ, ನಾಳೆ ರೌಂಡ್ಸ್‌ನಲ್ಲಿ ಏನು ಕೇಳಬೇಕು ಅದನ್ನ ಹೇಳಿ.