‘ಪೇವ್’ಗೆ ಕಣಜ ಅನ್ನಬಹುದೇ?

ಪ್ರಶ್ನೆ: ಪುಣೆ ಹತ್ತಿರ ಉತ್ಖನನದಲ್ಲಿ ಸಿಕ್ಕ ಹಳೆಯ ಊರು ಇನಾಮಗಾಂವದ ಮಾದರಿಯಲ್ಲಿ ಪ್ರಾಚೀನ ಬೇಸಾಯದ ಊರೊಂದನ್ನು ಕಟ್ಟಿ ತೋರಿಸುವ ಕೆಲಸಕ್ಕೆ ಕನ್ನಡ ಫಲಕಗಳು ಬೇಕಾಗಿವೆ. ಮರಾಠಿಯಲ್ಲಿ ‘ಪೇವ್’, ‘ಕಣಗಿ’, ‘ರಾಂಜಣ’ ಎಂದಿದೆ. ಮೂರಕ್ಕೂ ‘ಕಣಜ’ ಎಂದರೆ ಸಾಕೆ? ‘ಕುಡಾಚಿ ಭಿಂತ್’ಗೆ ಏನೆನ್ನುತ್ತಾರೆ?

ಉತ್ತರ: ಸಾಲದು, ಮೇಡಂ. ಕಣಜ ನೆಲದ ಮೇಲಿನದು, ಬಿದಿರು ಹೆಣೆದು ಸೆಗಣಿ ಬಳಿದದ್ದು. ಅದು ‘ಕಣಗಿ’ಗೆ ಸರಿ. ‘ಪೇವ್’ ಎಂದರೆ ನಮ್ಮ ಹಗೇವು, ನೆಲದೊಳಗಿನ ಧಾನ್ಯದ ಗುಂಡಿ. ಪುಣೆಯ ಡೆಕ್ಕನ್ ಕಾಲೇಜಿನವರು ಇನಾಮಗಾಂವದಲ್ಲಿ 1968ರಿಂದ ನಡೆಸಿದ ಉತ್ಖನನದಲ್ಲಿ ಧಾನ್ಯದ ಗುಂಡಿಗಳೂ ಕಣಜ ಕೂರಿಸುವ ದುಂಡನೆಯ ಮಣ್ಣಿನ ಕಟ್ಟೆಗಳೂ ಬೇರೆಬೇರೆಯಾಗಿಯೇ ಸಿಕ್ಕಿವೆ. ಇನಾಮಗಾಂವ ಇರುವುದು ಘೋಡ್ ನದಿಯ ದಂಡೆಯಲ್ಲಿ, ಆ ನದಿ ಭೀಮೆಗೆ ಸೇರುತ್ತದೆ. ಅದೇ ಭೀಮೆಯ ಕೆಳದಂಡೆಯ ವಿಜಯಪುರ, ಕಲಬುರಗಿ ಕಡೆಯ ಹಿರಿಯರಿಗೆ ಹಗೇವು ಎಂದರೆ ವಿವರಿಸಬೇಕಿಲ್ಲ.

ಪದ ತಪ್ಪಿದರೆ ಕಟ್ಟಡವೂ ತಪ್ಪುತ್ತದೆ. ಹಗೇವಿನ ಬಾಯಿ ಒಬ್ಬರು ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ತೋಡಿದ ಮೇಲೆ ಒಳಗೆ ಬೆಂಕಿ ಹಾಕಿ ಗೋಡೆ ಒಣಗಿಸಬೇಕು. ತಳಕ್ಕೂ ಸುತ್ತಲಿಗೂ ಒಣಹುಲ್ಲು ಹಾಸಿ, ಚೆನ್ನಾಗಿ ಒಣಗಿದ ಕಾಳನ್ನು ಬಾಯಿಮಟ್ಟ ತುಂಬಿ, ಕಲ್ಲು ಮುಚ್ಚಿ ಹಸಿಮಣ್ಣು ಮೆತ್ತಬೇಕು. ಅರ್ಧ ತುಂಬಿದರೆ ಒಳಗೆ ಗಾಳಿ ಉಳಿದು ಹುಳ ಬದುಕುತ್ತದೆ. ಕಾಳೇ ಉಸಿರಾಡಿ ಆಮ್ಲಜನಕ ಮುಗಿಸಿದಾಗ ಹುಳ ಸಾಯುವುದು. ಗೋಡೆಗೆ ತಾಗಿದ ಪದರ ತೇವಕ್ಕೆ ಮೊಳೆತು ಬೂಷ್ಟು ಹಿಡಿಯುತ್ತದೆ, ಒಳಗಿನದು ಉಳಿಯುತ್ತದೆ. ಇಂಗ್ಲೆಂಡಿನಲ್ಲಿ 1972ರಲ್ಲಿ ಆರಂಭವಾದ ಬಟ್ಸರ್ ಪ್ರಾಚೀನ ಕೃಷಿಕ್ಷೇತ್ರದಲ್ಲಿ ಪುರಾತತ್ವಜ್ಞ ಪೀಟರ್ ರೆನಾಲ್ಡ್ಸ್ ಗುಂಡಿಗಳಲ್ಲಿ ಕಾಳು ಇಟ್ಟು ಪರೀಕ್ಷಿಸಿದಾಗಲೂ ಕಂಡದ್ದು ಇದನ್ನೇ. ಮುಚ್ಚಿದ ಹಗೇವಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ತೆರೆದ ಕೂಡಲೇ ಇಳಿದರೆ ಜೀವ ಹೋಗುತ್ತದೆ. ಮಕ್ಕಳು ಇಣುಕುವ ಮಾದರಿಗೆ ಕಾಳು ತುಂಬಲೇಬೇಡಿ. ಈ ಎಚ್ಚರಿಕೆ ಫಲಕದ ಮೇಲೆ ದಪ್ಪಕ್ಷರದಲ್ಲಿರಲಿ.

‘ರಾಂಜಣ’ಕ್ಕೆ ‘ಗುಡಾಣ’ ಬರೆಯಿರಿ. ಧಾನ್ಯದ ದೊಡ್ಡ ಮಣ್ಣಿನ ಪಾತ್ರೆಗೆ ‘ವಾಡೆ’ ಎಂಬ ಚೆಂದದ ಪದವೂ ಉಂಟು, ಆದರೆ ಪುಣೆಯಲ್ಲಿ ವಾಡೆ ಎಂದರೆ ದೊಡ್ಡ ಮನೆ, ಅದನ್ನು ಓದಿದವರು ಪೇಶ್ವೆಯವರ ಮನೆ ಹುಡುಕುತ್ತಾರೆ.

‘ಕುಡಾಚಿ ಭಿಂತ್’ಗೆ ‘ತಡಿಕೆ ಗೋಡೆ’ ಎನ್ನಿ, ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆ. ತಡಿಕೆಗೆ ಬರೀ ಎರೆಮಣ್ಣು ಮೆತ್ತಬೇಡಿ. ಅದು ನೀರಿಗೆ ಉಬ್ಬಿ, ಒಣಗುವಾಗ ಕುಗ್ಗಿ, ಬಿರುಕು ಬಿಟ್ಟು ಹೆಕ್ಕಳಿಕೆಯಾಗಿ ಉದುರುತ್ತದೆ. ಮರಳು, ಸೆಗಣಿ, ಬೆರಳುದ್ದ ಕತ್ತರಿಸಿದ ಹುಲ್ಲು ಸೇರಿಸಿ, ತುಳಿದು, ಕೆಲವು ದಿನ ಕೊಳೆಹಾಕಿ ಆಮೇಲೆ ಮೆತ್ತಿ.

‘ಗುಡಿಸಲು’ ಎಂದು ಎಲ್ಲದಕ್ಕೂ ಬರೆಯಬೇಡಿ. ಇನಾಮಗಾಂವದಲ್ಲಿ ಜನ ನೆಲೆಸಿದ್ದ ಮೊದಲ ಎರಡು ಹಂತಗಳಲ್ಲಿ ಹೆಚ್ಚಿನವು ಆಯತಾಕಾರದ ಮನೆಗಳು. ದುಂಡು ಗುಡಿಸಲುಗಳು ಮುಖ್ಯವಾಗಿ ಕೊನೆಯ ಹಂತದವು, ಸುಮಾರು ಕ್ರಿ.ಪೂ. 1000ದ ನಂತರದವು. ಒಂದೇ ಅಂಗಳದಲ್ಲಿ ಎರಡನ್ನೂ ಕಟ್ಟುವುದಾದರೆ ಕಾಲ ನಮೂದಿಸಿ.

ಹೊಲದ ಫಲಕಕ್ಕೆ ‘ಜವೆಗೋಧಿ’ ಇರಲಿ, ಮುಖ್ಯ ಬೆಳೆ ಅದೇ. ಮೆಣಸಿನಕಾಯಿ, ಮೆಕ್ಕೆಜೋಳದ ಗಿಡ ಅಲ್ಲಿ ಬೇಡ. ಅವು ಪೋರ್ಚುಗೀಸರು ಬಂದ ಮೇಲಿನವು.